ಹದಿನೆಂಟರಲ್ಲಿ ಹಾಕುವ ಸಹಿ

ವೃತ್ತಿಪರ ಕ್ರೀಡೆಗೆ ಹೋಗುವ ದಾರಿ ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಅಂಗಳದ ಮೂಲಕ ಸಾಗುತ್ತದೆ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು ಎಂಟು-ಹತ್ತು ವರ್ಷದ ಮಕ್ಕಳನ್ನೇ ತಮ್ಮ ಅಕಾಡೆಮಿಗೆ ಸೇರಿಸಿಕೊಂಡು ಬೆಳೆಸುತ್ತವೆ. ಭಾರತದ ಕ್ರಿಕೆಟಿಗರು ಕ್ಲಬ್, ರಾಜ್ಯ ತಂಡ, ಐಪಿಎಲ್ ಎಂದು ಮೆಟ್ಟಿಲು ಹತ್ತುತ್ತಾರೆ. ಇಲ್ಲಿನ ಬೇರೆ ಆಟಗಾರರಲ್ಲಿ ಬಹುಪಾಲು ಮಂದಿಗೆ ರೈಲ್ವೆ, ಪೊಲೀಸ್, ಸೇನೆಯ ನೌಕರಿಯೇ ಆಸರೆ. ಅಮೆರಿಕದಲ್ಲಾದರೋ ಎಂಜಿನಿಯರಿಂಗ್, ವೈದ್ಯಕೀಯ ಕಲಿಸುವ ಸಂಸ್ಥೆಯೇ ಲಕ್ಷ ಜನ ಕೂರುವ ಕ್ರೀಡಾಂಗಣವನ್ನೂ ನಡೆಸುತ್ತದೆ. ಆ್ಯನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದ ಸಾಮರ್ಥ್ಯ 1,07,601. ಹೀಗಾಗಿ ಪ್ರತಿಭೆಯುಳ್ಳ ಹುಡುಗನೋ ಹುಡುಗಿಯೋ ಹೈಸ್ಕೂಲು ಮುಗಿಸುವ ಹೊತ್ತಿಗೆ ಮನೆಯಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ: ಕಾಲೇಜು ತಂಡಕ್ಕೆ ಸೇರುವುದೋ, ನೇರವಾಗಿ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವುದೋ?

ಅಮೆರಿಕದ ಅಂತರಕಾಲೇಜು ಕ್ರೀಡೆಯ ಆರಂಭವೆಂದು ಗುರುತಿಸುವುದು 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ದೋಣಿ ಸ್ಪರ್ಧೆಯನ್ನು. ಅದರ ಖರ್ಚು ವಹಿಸಿಕೊಂಡದ್ದು ತನ್ನ ಮಾರ್ಗದ ಪ್ರಚಾರ ಬಯಸಿದ ಒಂದು ರೈಲ್ವೆ ಕಂಪನಿ. ಎಂದರೆ ಹುಟ್ಟಿದ ದಿನವೇ ಅಲ್ಲಿ ಹಣವಿತ್ತು. ಆದರೂ 1906ರಲ್ಲಿ ಹುಟ್ಟಿ, ಮುಂದೆ ಎನ್‌ಸಿಎಎ ಎಂದು ಹೆಸರಾದ ನಿಯಂತ್ರಣ ಸಂಸ್ಥೆ ಹವ್ಯಾಸಿತನವನ್ನು ವ್ರತದಂತೆ ಕಾಪಾಡುತ್ತ ಬಂತು. ಬೋಧನಾ ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ ಇವಿಷ್ಟನ್ನು ಕಾಲೇಜು ಕೊಡಬಹುದಿತ್ತು. ಆಟಕ್ಕಾಗಿ ಸಂಬಳ ತೆಗೆದುಕೊಂಡರೆ, ಏಜೆಂಟನೊಂದಿಗೆ ಒಪ್ಪಂದ ಮಾಡಿಕೊಂಡರೆ, ಜಾಹೀರಾತಿಗೆ ಮುಖ ಕೊಟ್ಟರೆ ಅರ್ಹತೆ ಹೋಗುತ್ತಿತ್ತು. ಒಮ್ಮೆ ವೃತ್ತಿಪರನಾದವನಿಗೆ ಆ ಆಟದ ಕಾಲೇಜು ತಂಡದ ಬಾಗಿಲು ಮತ್ತೆ ತೆರೆಯುತ್ತಿರಲಿಲ್ಲ. ನಿರ್ಧಾರ ಇಷ್ಟು ಭಾರವಾಗಿದ್ದುದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಈ ಹಿಂತಿರುಗಲಾಗದ ಗುಣದಿಂದ. ಇತ್ತ ಆಟಗಾರರಿಗೆ ಬಿಡಿಗಾಸು ಕೂಡದೆನ್ನುತ್ತಿದ್ದ ಎನ್‌ಸಿಎಎ, ತನ್ನ ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿಯ ಪ್ರಸಾರ ಹಕ್ಕನ್ನು 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರಿಗೆ ಮಾರಿತು.

ಈ ಜಗ್ಗಾಟ ಅತಿ ಹೆಚ್ಚು ಬಣ್ಣ ಬದಲಿಸಿದ್ದು ಬಾಸ್ಕೆಟ್‌ಬಾಲ್‌ನಲ್ಲಿ. ಮೊದಲು ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಕಳೆಯದ ಆಟಗಾರನನ್ನು ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸೇರಿಸಿಕೊಳ್ಳುವಂತಿರಲಿಲ್ಲ. 1968ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪೆನ್ಸರ್ ಹೇವುಡ್ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಪ್ರತಿಸ್ಪರ್ಧಿ ಲೀಗ್ ಎಬಿಎಗೆ ಹೋಗಿ, ಅಲ್ಲಿಂದ ಎನ್‌ಬಿಎಯ ಸಿಯಾಟಲ್ ತಂಡಕ್ಕೆ ಬಂದಾಗ ವ್ಯಾಜ್ಯ ಹುಟ್ಟಿತು. 1971ರಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಹೇವುಡ್ ಪರ ನಿಂತಿತು. ಮನೆಯ ಬಡತನವನ್ನು ತೋರಿಸಿ ಬೇಗ ಬರುವವರಿಗೆ ಎನ್‌ಬಿಎ ಮೊದಲು ಒಂದು ಕಿಂಡಿ ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಆ ಕಿಂಡಿ ಹೆಬ್ಬಾಗಿಲಾಯಿತು. 1974ರಲ್ಲಿ ಮೋಸೆಸ್ ಮಲೋನ್ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬರುವುದಾಗಿ ಮಾತು ಕೊಟ್ಟಿದ್ದವನು ಹೈಸ್ಕೂಲಿನಿಂದ ನೇರವಾಗಿ ಎಬಿಎಯ ಯೂಟಾ ತಂಡಕ್ಕೆ ಹೋದ. ಮರುವರ್ಷ ಇನ್ನಿಬ್ಬರು ಹೈಸ್ಕೂಲಿನಿಂದಲೇ ಎನ್‌ಬಿಎ ಸೇರಿದರು. ಆಮೇಲೆ ಇಪ್ಪತ್ತು ವರ್ಷ ಯಾರಿಗೂ ಆ ನೇರ ನೆಗೆತ ಸಾಧ್ಯವಾಗಲಿಲ್ಲ.

1995ರಲ್ಲಿ ಕೆವಿನ್ ಗಾರ್ನೆಟ್ ಆ ಮೌನ ಮುರಿದ. ಹೊಸಬರನ್ನು ಹಂಚಿಕೊಳ್ಳುವ ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯಲ್ಲಿ ಮಿನೆಸೊಟ ತಂಡ ಅವನನ್ನು ಐದನೆಯವನಾಗಿ ಆರಿಸಿಕೊಂಡಿತು. ಮರುವರ್ಷ 17ರ ಕೋಬಿ ಬ್ರ್ಯಾಂಟ್ ಬಂದ. ಗಾರ್ನೆಟ್‌ಗಿಂತ ಒಂದು ತಿಂಗಳೊಳಗಿನ ಅಂತರದಲ್ಲಿ, 1976ರ ಏಪ್ರಿಲ್‌ನಲ್ಲಿ ಹುಟ್ಟಿದ ಟಿಮ್ ಡಂಕನ್ ಮಾತ್ರ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕೂ ವರ್ಷ ಉಳಿದ. ಓದು ಮುಗಿಸುವುದಾಗಿ ತೀರಿಹೋದ ತಾಯಿಗೆ ಕೊಟ್ಟ ಮಾತು ಅವನಿಗಿತ್ತು. ಮನಃಶಾಸ್ತ್ರದ ಪದವಿ ಕೈಯಲ್ಲಿ ಹಿಡಿದೇ 1997ರಲ್ಲಿ ಮೊದಲ ಆಯ್ಕೆಯಾಗಿ ಸ್ಯಾನ್ ಆಂಟೋನಿಯೊ ತಂಡಕ್ಕೆ ಬಂದ. ಎರಡನೆಯ ವರ್ಷಕ್ಕೇ ತಂಡ ಚಾಂಪಿಯನ್. ಗಾರ್ನೆಟ್ ಎರಡು ವರ್ಷ ಮೊದಲೇ ಬಂದಿದ್ದರೂ ಅವನ ಮೊದಲ ಚಾಂಪಿಯನ್‌ಷಿಪ್ ಬಂದದ್ದು 2008ರಲ್ಲಿ. ಬ್ರ್ಯಾಂಟ್ ಐದು ಬಾರಿ ಗೆದ್ದ, ಡಂಕನ್ ಸಹ ಐದು ಬಾರಿ. ಮೂವರಿಗೂ ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು ಒಂದೇ ವರ್ಷ, 2020ರಲ್ಲಿ. ಬೇಗ ಹೋಗುವುದೇ ಸರಿ ಎಂದಾಗಲಿ, ಕಾಯುವುದೇ ಜಾಣತನ ಎಂದಾಗಲಿ ಈ ಮೂವರ ಬದುಕಿನಿಂದ ಸಾಧಿಸಲು ಬರುವುದಿಲ್ಲ. ಅಂಥ ಅಸಾಮಾನ್ಯರ ಮಟ್ಟಿಗೆ ದಾರಿ ಯಾವುದಾದರೂ ನಡೆಯುತ್ತದೆ. ಆಯ್ಕೆಯ ಬಿಸಿ ತಟ್ಟುವುದು ಅವರಿಗಿಂತ ಒಂದು ಮೆಟ್ಟಿಲು ಕೆಳಗಿರುವವರಿಗೆ.

ಡೆಟ್ರಾಯಿಟ್ ತಂಡ 1998ರಲ್ಲಿ ಎರಡನೆಯ ಸುತ್ತಿನಲ್ಲಿ ಆರಿಸಿಕೊಂಡ ಕೋರ್ಲಿಯೋನ್ ಯಂಗ್ ಎನ್‌ಬಿಎಯಲ್ಲಿ ಆಡಿದ್ದು ಮೂರೇ ಪಂದ್ಯ. ಹೈಸ್ಕೂಲು ಕಾಲದಲ್ಲಿ ದೇಶದ ಅತ್ಯುತ್ತಮ ಆಟಗಾರರ ಸಾಲಿನಲ್ಲಿ ಹೆಸರಿದ್ದ ಲೆನ್ನಿ ಕುಕ್‌ನನ್ನು 2002ರಲ್ಲಿ ಯಾವ ತಂಡವೂ ಆರಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಕಾಲೇಜಿನ ದಾರಿಯೂ ಮುಚ್ಚಿತ್ತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಇರುವುದು ತಲಾ 30ರಂತೆ ಎರಡು ಸುತ್ತು. ಮೊದಲ ಸುತ್ತಿನವರಿಗೆ ಎರಡು ವರ್ಷದ ಸಂಬಳ ಖಚಿತ. ಎರಡನೆಯ ಸುತ್ತಿನವರಿಗೆ ನಿಯಮದ ಪ್ರಕಾರ ಯಾವ ಖಾತರಿಯೂ ಇಲ್ಲ. 30ನೆಯವನಿಗೂ 31ನೆಯವನಿಗೂ ಆಟದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಬ್ಯಾಂಕ್ ಖಾತೆಯಲ್ಲಿ ಅಜಗಜಾಂತರ.

2003ರಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದಲೇ ಮೊದಲ ಆಯ್ಕೆಯಾದ. ಡ್ರಾಫ್ಟ್‌ಗೆ ಮೊದಲೇ ನೈಕಿ ಕಂಪನಿ ಅವನೊಂದಿಗೆ ಸುಮಾರು 9 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು. ಅವನನ್ನು ಕಂಡು ಹುರುಪುಗೊಂಡವರ ಸಾಲು ಬೆಳೆಯುತ್ತಿದ್ದಂತೆ 2005ರಲ್ಲಿ ಎನ್‌ಬಿಎ ಮತ್ತು ಆಟಗಾರರ ಸಂಘ ಹೊಸ ನಿಯಮಕ್ಕೆ ಒಪ್ಪಿದವು: ಡ್ರಾಫ್ಟ್ ನಡೆಯುವ ವರ್ಷ ಆಟಗಾರನಿಗೆ 19 ತುಂಬಬೇಕು, ಅಮೆರಿಕದವನಾದರೆ ಹೈಸ್ಕೂಲು ಮುಗಿದು ಒಂದು ಋತುವಾದರೂ ಕಳೆದಿರಬೇಕು. ಎಳೆಯರ ಹಿತಕ್ಕಾಗಿ ಎಂಬ ಮಾತು ಆಗ ಧಾರಾಳವಾಗಿ ಕೇಳಿಬಂತು. ಲಾಭ ನೋಡಿದರೆ ಅದು ಹೆಚ್ಚಾಗಿ ಹೋದದ್ದು ತಂಡಗಳಿಗೆ. ಹೈಸ್ಕೂಲು ಹುಡುಗನನ್ನು ಊಹೆಯ ಮೇಲೆ ಆರಿಸಿಕೊಂಡು ಕೈಸುಟ್ಟುಕೊಳ್ಳುವ ಬದಲು, ಒಂದು ವರ್ಷ ಕಾಲೇಜಿನ ಖರ್ಚಿನಲ್ಲಿ ಅವನ ಆಟ ನೋಡಿ ನಿರ್ಧರಿಸುವ ಅನುಕೂಲ ಅವಕ್ಕೆ ಸಿಕ್ಕಿತು. ಆ ಒಂದು ವರ್ಷ ಮೊಣಕಾಲು ಮುರಿದುಕೊಳ್ಳುವ ಅಪಾಯ ಹುಡುಗನ ಪಾಲಿಗೇ ಉಳಿಯಿತು. ಒಂದು ವರ್ಷ ಹಾಜರಿ ಹಾಕಿ ಹೊರಡುವ ಹೊಸ ಪರಿಪಾಟಕ್ಕೆ ಒನ್ ಆ್ಯಂಡ್ ಡನ್ ಎಂಬ ಹೆಸರು ಬಿತ್ತು. ಪದವಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಬೇಗ ಹೋಗಬೇಕೆಂಬ ಅವಸರವನ್ನು ಬರೀ ದುರಾಸೆ ಎಂದು ತಳ್ಳಿಹಾಕುವವರು ಒಂದು ಅಂಶವನ್ನು ಮರೆಯುತ್ತಾರೆ. ಎನ್‌ಬಿಎಗೆ ಹೊಸದಾಗಿ ಬಂದ ಮೊದಲ ಸುತ್ತಿನವರ ಸಂಬಳ 1995ರಿಂದ ನಿಗದಿತ ಶ್ರೇಣಿಯಲ್ಲಿದೆ. ದೊಡ್ಡ ಗಳಿಕೆ ಬರುವುದು ಎರಡನೆಯ ಒಪ್ಪಂದದಿಂದ. 19ಕ್ಕೆ ಬಂದವನು 23ಕ್ಕೆ ಅದನ್ನು ಮುಟ್ಟುತ್ತಾನೆ. 22ಕ್ಕೆ ಬಂದವನು 26ಕ್ಕೆ. ಮೂವತ್ತು ದಾಟಿದ ಮೇಲೆ ಬೆಲೆ ಇಳಿಯುವ ವೃತ್ತಿಯಲ್ಲಿ ಆರಂಭದ ಮೂರು ವರ್ಷ ಕಳೆದುಕೊಂಡರೆ, ಕೊನೆಗೆ ಇಡೀ ಒಂದು ಒಪ್ಪಂದವೇ ಕೈತಪ್ಪಬಹುದು. ಕಾಲೇಜಿನಲ್ಲಿ ಉಳಿದು ಆಟ ಸುಧಾರಿಸಿಕೊಂಡರೆ ಆಯ್ಕೆಯ ಕ್ರಮಾಂಕ ಮೇಲೇರಬಹುದು ನಿಜ. ಆದರೆ 21ರ ಆಟಗಾರನ ಕುಂದುಗಳನ್ನು ತಂಡಗಳು ನೋಡುವ ಕಣ್ಣೇ ಬೇರೆ. 18ರವನಲ್ಲಿ ಅವೇ ಕುಂದುಗಳು ಮುಂದೆ ತಿದ್ದಿಕೊಳ್ಳಬಹುದಾದವು ಎನಿಸಿಕೊಳ್ಳುತ್ತವೆ.

ನಿಯಮ ಬಂದ ಮೇಲೆ ಅದನ್ನು ಸುತ್ತಿಹೋಗುವ ದಾರಿಗಳೂ ಬಂದವು. ಬ್ರ್ಯಾಂಡನ್ ಜೆನ್ನಿಂಗ್ಸ್ 2008ರಲ್ಲಿ ಕಾಲೇಜು ಬಿಟ್ಟು ರೋಮ್‌ನ ತಂಡ ಸೇರಿ, ಮರುವರ್ಷ ಹತ್ತನೆಯ ಆಯ್ಕೆಯಾದ. ಲಮೆಲೊ ಬಾಲ್ ಆಸ್ಟ್ರೇಲಿಯಾದಲ್ಲಿ ಒಂದು ಋತು ಆಡಿ ಬಂದ. ಹುಡುಗರು ಕಡಲು ದಾಟುವುದನ್ನು ಕಂಡ ಎನ್‌ಬಿಎ 2020ರಲ್ಲಿ ತನ್ನದೇ ಎರಡನೆಯ ದರ್ಜೆಯ ಲೀಗ್‌ನಲ್ಲಿ ಇಗ್ನೈಟ್ ಎಂಬ ತಂಡ ಕಟ್ಟಿ, ಹೈಸ್ಕೂಲು ಮುಗಿಸಿದವರಿಗೆ ಸಂಬಳ ಕೊಟ್ಟು ತರಬೇತಿ ನೀಡತೊಡಗಿತು. ಅಲ್ಲಿಂದ ಬಂದ ಜೇಲನ್ ಗ್ರೀನ್ 2021ರಲ್ಲಿ ಎರಡನೆಯ ಆಯ್ಕೆ, ಸ್ಕೂಟ್ ಹೆಂಡರ್ಸನ್ 2023ರಲ್ಲಿ ಮೂರನೆಯ ಆಯ್ಕೆ. ಇಷ್ಟಾದರೂ 2024ಕ್ಕೆ ಆ ತಂಡ ಮುಚ್ಚಿತು. ಅದಕ್ಕೆ ಕಾರಣ ಕಾಲೇಜುಗಳಲ್ಲೇ ಆದ ಬದಲಾವಣೆ. ಅದರ ವಿವರ ಮುಂದೆ ಬರುತ್ತದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಯ್ಕೆಗೆ ಜಾಗವೇ ಇಲ್ಲ. ಹೈಸ್ಕೂಲು ಮುಗಿದು ಮೂರು ವರ್ಷ ಕಳೆಯದೆ ಅದರ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2002ರ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗುವಾಗ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಮಾರಿಸ್ ಕ್ಲಾರೆಟ್ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ. ಕೆಳಗಿನ ಕೋರ್ಟಿನಲ್ಲಿ ಗೆದ್ದ. 2004ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತ. ಆ ತೀರ್ಪು ಬರೆದವರು ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮಯೋರ್. ಕ್ಲಾರೆಟ್ 2005ರಲ್ಲಿ ಮೂರನೆಯ ಸುತ್ತಿನಲ್ಲಿ ಆಯ್ಕೆಯಾದರೂ ಎನ್‌ಎಫ್‌ಎಲ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಮೂಳೆ ಮುರಿಯುವ ಈ ಆಟಕ್ಕೆ 18ರ ದೇಹ ಗಟ್ಟಿಯಾಗಿರುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಕಾಲೇಜು ಪಂದ್ಯದಲ್ಲೂ ಮೂಳೆ ಮುರಿಯುವುದು ಅಷ್ಟೇ ಸುಲಭ. ಸೌತ್ ಕ್ಯಾರೊಲೈನ ವಿಶ್ವವಿದ್ಯಾಲಯದ ಮಾರ್ಕಸ್ ಲ್ಯಾಟಿಮೋರ್ 2011 ಮತ್ತು 2012ರಲ್ಲಿ ಎರಡೂ ಮೊಣಕಾಲು ಹಾಳುಮಾಡಿಕೊಂಡು, ಆಯ್ಕೆಯಾದ ಮೇಲೂ ಒಂದೇ ಒಂದು ಎನ್‌ಎಫ್‌ಎಲ್ ಪಂದ್ಯವಾಡದೆ 2014ರಲ್ಲಿ ನಿವೃತ್ತನಾದ. ಇಂಥವನ್ನು ಕಂಡೇ ಪ್ರಮುಖ ಕಾಲೇಜು ಆಟಗಾರರು ತಮ್ಮ ದೇಹಕ್ಕೆ ವಿಮೆ ಮಾಡಿಸುವುದು ರೂಢಿಯಾಯಿತು. 2016ರ ಕೊನೆಯಲ್ಲಿ ಲೆನಾರ್ಡ್ ಫೋರ್ನೆಟ್, ಕ್ರಿಶ್ಚಿಯನ್ ಮೆಕ್ಯಾಫ್ರಿ ಇಬ್ಬರೂ ಡ್ರಾಫ್ಟ್ ಮುಂದಿದೆಯೆಂದು ತಮ್ಮ ತಂಡಗಳ ಋತುವಿನ ಕೊನೆಯ ಪಂದ್ಯದಿಂದ ಹಿಂದೆ ಸರಿದಾಗ ಸಾಕಷ್ಟು ಟೀಕೆ ಬಂತು. ಈಗ ಅದು ಸುದ್ದಿಯೂ ಅಲ್ಲ.

ಬೇಸ್‌ಬಾಲ್‌ನ ಪದ್ಧತಿ ಹೆಚ್ಚು ನೇರ. ಹೈಸ್ಕೂಲು ಮುಗಿಯುತ್ತಲೇ ಡ್ರಾಫ್ಟ್‌ಗೆ ಅರ್ಹತೆ ಬರುತ್ತದೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರು ವರ್ಷ ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಕಾಯಬೇಕು. ಹೈಸ್ಕೂಲಿನಿಂದ ಹೋಗುವವನು ಒಪ್ಪಂದದಲ್ಲೇ ಮುಂದಿನ ಓದಿನ ಖರ್ಚನ್ನೂ ಸೇರಿಸಿಕೊಳ್ಳಬಹುದು. ಅವನಿಗೆ ಕಾದಿರುವುದು ಬಸ್ಸಿನಲ್ಲಿ ಊರೂರು ಸುತ್ತುವ ಮೈನರ್ ಲೀಗ್. ಅಲ್ಲಿಂದ ಮೇಲೇರಲು ಹಲವು ವರ್ಷ ಹಿಡಿಯುತ್ತದೆ, ಬಹುಪಾಲು ಮಂದಿ ಏರುವುದೇ ಇಲ್ಲ. 2023ರಲ್ಲಿ ಮೈನರ್ ಲೀಗ್ ಆಟಗಾರರಿಗೆ ಮೊದಲ ಸಾಮೂಹಿಕ ಒಪ್ಪಂದವಾದಾಗ ಅತಿ ಕೆಳಗಿನ ಹಂತದ ಕನಿಷ್ಠ ವಾರ್ಷಿಕ ಸಂಬಳ 19,800 ಡಾಲರ್, ಅತಿ ಮೇಲಿನ ಹಂತದ್ದು 35,800 ಡಾಲರ್. ಅದಕ್ಕೂ ಹಿಂದೆ ಇದರ ಅರ್ಧವೂ ಇರದ ಕಾಲವಿತ್ತು. ಸಹಿ ಹಾಕುವಾಗ ಸಿಗುವ ಬೋನಸ್ ದೊಡ್ಡದಿದ್ದರೆ ಹೋಗು, ಇಲ್ಲವಾದರೆ ಓದು ಎಂಬುದು ಆ ವಲಯದ ವ್ಯವಹಾರಜ್ಞಾನ.

ಒಬ್ಬೊಬ್ಬರೇ ಆಡುವ ಕ್ರೀಡೆಗಳಲ್ಲಿ ನಿಯಮಗಳಿಗಿಂತ ದೇಹದ ಗಡಿಯಾರದ ಮಾತೇ ನಡೆಯುವುದು. ಮಹಿಳಾ ಜಿಮ್ನಾಸ್ಟಿಕ್ಸ್ ಮತ್ತು ಈಜಿನಲ್ಲಿ ಹಲವರ ಉತ್ತಮ ವರ್ಷಗಳು ಕಾಲೇಜಿನ ವಯಸ್ಸಿಗೆ ಮೊದಲೇ ಅಥವಾ ಅದರ ಜೊತೆಯಲ್ಲೇ ಬಂದುಹೋಗುತ್ತವೆ. ಮೈಕೆಲ್ ಫೆಲ್ಪ್ಸ್ 2001ರಲ್ಲಿ, 16ಕ್ಕೇ ವೃತ್ತಿಪರನಾಗಿ ಕಾಲೇಜು ಈಜಿನ ಆಸೆ ಬಿಟ್ಟ. ಮಿಸ್ಸಿ ಫ್ರಾಂಕ್ಲಿನ್ ಇದಕ್ಕೆ ವಿರುದ್ಧವಾಗಿ ನಡೆದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 17ರ ವಯಸ್ಸಿನಲ್ಲಿ ನಾಲ್ಕು ಚಿನ್ನ ಗೆದ್ದ ಮೇಲೂ ಪ್ರಾಯೋಜಕರಿಗೆ ಬೇಡವೆಂದು ಹೇಳಿ, ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡಕ್ಕಾಗಿ ಈಜಿದಳು. ವೃತ್ತಿಪರಳಾದದ್ದು 2015ರಲ್ಲಿ. 2016ರ ರಿಯೊದಲ್ಲಿ ಅವಳಿಗೆ ವೈಯಕ್ತಿಕ ಸ್ಪರ್ಧೆಯ ಫೈನಲ್ ಕೂಡ ಸಿಗಲಿಲ್ಲ. ಕಾಲೇಜು ತಂಡದ ಒಡನಾಟ ತನಗೆ ಬೇಕಿತ್ತೆಂದು ಆರಿಸಿಕೊಂಡವಳ ನಿರ್ಧಾರವನ್ನು ತಪ್ಪೆನ್ನಲಾಗದು. ಆದರೆ ಅದಕ್ಕೆ ಅವಳು ತೆತ್ತ ಬೆಲೆಯನ್ನು ಅಮೆರಿಕದ ಹವ್ಯಾಸಿ ನಿಯಮ ವಿನಾಕಾರಣ ವಿಧಿಸಿತ್ತು. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2015ರಲ್ಲಿ ಯುಸಿಎಲ್‌ಎಯ ಸೀಟು ಬಿಟ್ಟುಕೊಟ್ಟು ವೃತ್ತಿಪರಳಾದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಲ್‌ರೌಂಡ್ ಚಿನ್ನ ಗೆದ್ದ ಸುನಿ ಲೀ 2021ರಲ್ಲಿ ಜಾಹೀರಾತಿನ ಹಣವನ್ನೂ ಇಟ್ಟುಕೊಂಡು ಆಬರ್ನ್ ವಿಶ್ವವಿದ್ಯಾಲಯದ ತಂಡ ಸೇರಿದಳು. ಆರು ವರ್ಷದಲ್ಲಿ ನಿಯಮವೇ ಬದಲಾಗಿತ್ತು.

ಟೆನಿಸ್‌ನಲ್ಲಿ ಒಂದು ಕಾಲಕ್ಕೆ ಕಾಲೇಜು ಸಹಜ ಹಾದಿಯಾಗಿತ್ತು. ಜಾನ್ ಮೆಕೆನ್ರೊ 1978ರಲ್ಲಿ ಸ್ಟ್ಯಾನ್‌ಫರ್ಡ್ ಪರ ಕಾಲೇಜು ಚಾಂಪಿಯನ್ ಆಗಿ ಆಮೇಲೆ ವೃತ್ತಿಗೆ ಬಂದವನು. ಮುಂದೆ ಬಾಲಪ್ರತಿಭೆಗಳ ಯುಗ ಬಂತು. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 13ನೇ ವಯಸ್ಸಿಗೆ ವೃತ್ತಿಪರಳಾದಳು. 1994ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಬಂಧನಕ್ಕೊಳಗಾದಳು. ಮಹಿಳಾ ಟೆನಿಸ್ ಸಂಸ್ಥೆ 1995ರಿಂದ ಎಳೆಯ ಆಟಗಾರ್ತಿಯರು ವರ್ಷಕ್ಕೆ ಆಡಬಹುದಾದ ಟೂರ್ನಿಗಳಿಗೆ ಮಿತಿ ಹಾಕಿತು. ಕ್ಯಾಪ್ರಿಯಾಟಿ ಮರಳಿ ಬಂದು 2001ರ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಅವಳ ಗಟ್ಟಿತನ, ವ್ಯವಸ್ಥೆಯ ಪುಣ್ಯವಲ್ಲ. ಆಟಗಾರರು ಮೂವತ್ತು ದಾಟಿಯೂ ಆಡುವ ಇಂದಿನ ದಿನಗಳಲ್ಲಿ ಕಾಲೇಜು ಮತ್ತೆ ಬೆಲೆ ಪಡೆದಿದೆ. ವರ್ಜೀನಿಯ ವಿಶ್ವವಿದ್ಯಾಲಯದ ಪರ ಎರಡು ಬಾರಿ ಗೆದ್ದ ಡೇನಿಯಲ್ ಕಾಲಿನ್ಸ್ 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿದಳು. ಫ್ಲಾರಿಡ ವಿಶ್ವವಿದ್ಯಾಲಯದ ಬೆನ್ ಶೆಲ್ಟನ್ 2022ರಲ್ಲಿ ಕಾಲೇಜು ಚಾಂಪಿಯನ್, 2023ರಲ್ಲಿ ಅಮೆರಿಕನ್ ಓಪನ್ ಸೆಮಿಫೈನಲಿಸ್ಟ್.

ಗಾಲ್ಫ್ ಎಲ್ಲಕ್ಕಿಂತ ದೀರ್ಘ ಆಟ. ನಲವತ್ತರಲ್ಲೂ ಗೆಲ್ಲಬಹುದಾದ್ದರಿಂದ ಅವಸರ ಕಡಿಮೆಯಿರಬೇಕು. ಟೈಗರ್ ವುಡ್ಸ್ ಸ್ಟ್ಯಾನ್‌ಫರ್ಡ್‌ನಲ್ಲಿ ಎರಡು ವರ್ಷ ಕಳೆದು 1996ರಲ್ಲಿ ಹೊರಟ. ಭಾರತೀಯ ಮೂಲದ ಇಬ್ಬರು ಅಮೆರಿಕನ್ನರು ಎರಡೂ ದಾರಿಗೆ ಉದಾಹರಣೆ: ಅಕ್ಷಯ್ ಭಾಟಿಯಾ 2019ರಲ್ಲಿ 17ಕ್ಕೇ ಕಾಲೇಜಿನ ಗೊಡವೆಯಿಲ್ಲದೆ ವೃತ್ತಿಗಿಳಿದ, ಸಾಹಿತ್ ತೇಗಲ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯದಲ್ಲಿ ಓದಿ 2020ರಲ್ಲಿ ಕಾಲೇಜು ಗಾಲ್ಫ್‌ನ ದೊಡ್ಡ ಪ್ರಶಸ್ತಿಗಳನ್ನೆಲ್ಲ ಬಾಚಿಕೊಂಡು ಬಂದ. ಅಮೆರಿಕದ ವೃತ್ತಿಪರ ಗಾಲ್ಫ್‌ನ ಪಿಜಿಎ ಟೂರ್‌ನಲ್ಲಿ ಮೊದಲ ಗೆಲುವು ಇಬ್ಬರಿಗೂ ಬಂದದ್ದು 2023ರಲ್ಲೇ. ಅಲಬಾಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಕ್ ಡನ್ಲಪ್ 2024ರ ಜನವರಿಯಲ್ಲಿ ಪಿಜಿಎ ಟೂರ್ನಿಯನ್ನೇ ಗೆದ್ದರೂ, ಹವ್ಯಾಸಿ ಎಂಬ ಕಾರಣಕ್ಕೆ 15.12 ಲಕ್ಷ ಡಾಲರಿನ ಬಹುಮಾನ ಎರಡನೆಯವನ ಪಾಲಾಯಿತು. ಕೆಲವೇ ದಿನಗಳಲ್ಲಿ ಅವನು ವೃತ್ತಿಪರನಾದ. ಬೆಂಗಳೂರಿನ ಅದಿತಿ ಅಶೋಕ್ ಅಮೆರಿಕದ ಕಾಲೇಜಿನತ್ತ ತಿರುಗದೆ, 2015ರ ಡಿಸೆಂಬರ್‌ನಲ್ಲಿ ಯುರೋಪಿನ ಮಹಿಳಾ ಟೂರ್‌ನ ಅರ್ಹತಾ ಸ್ಪರ್ಧೆ ಗೆದ್ದು, 17ರಲ್ಲೇ ವೃತ್ತಿಗೆ ಬಂದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದರು, ಟೋಕಿಯೊದಲ್ಲಿ ನಾಲ್ಕನೆಯವರಾಗಿ ಪದಕದ ಅಂಚಿಗೆ ಹೋಗಿ ಬಂದರು.

ಹವ್ಯಾಸಿತನದ ಕೋಟೆ ಕುಸಿದದ್ದು 2021ರಲ್ಲಿ. ಓದಿಗೆ ಸಂಬಂಧಿಸಿದ ಹೆಚ್ಚುವರಿ ಸವಲತ್ತುಗಳಿಗೆ ಎನ್‌ಸಿಎಎ ಮಿತಿ ಹಾಕುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಆ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 9-0ಯಿಂದ ತೀರ್ಪಿತ್ತಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ಖ್ಯಾತಿಯಿಂದ ಹಣ ಗಳಿಸುವ ಹಕ್ಕು ಪಡೆದರು. ಜಾಹೀರಾತಿನ ಹೆಸರಿನಲ್ಲಿ ಶುರುವಾದದ್ದು ಬೇಗನೆ ಶ್ರೀಮಂತ ಅಭಿಮಾನಿಗಳು ನಿಧಿ ಕೂಡಿಸಿ ಆಟಗಾರರನ್ನು ಸೆಳೆಯುವ ಸಂತೆಯಾಯಿತು. ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಒಂದೊಂದು ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್. ಹಿಂದೆ ಆಡಿದವರಿಗೆ ಪರಿಹಾರವಾಗಿ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್.

ಇದರಿಂದ ಲೆಕ್ಕವೇ ತಲೆಕೆಳಗಾಯಿತು. ಎನ್‌ಬಿಎ ಡ್ರಾಫ್ಟ್‌ಗೆ ಅವಧಿಗೆ ಮುನ್ನ ಹೆಸರು ಕೊಟ್ಟವರ ಸಂಖ್ಯೆ 2021ರಲ್ಲಿ 353 ಇತ್ತು. 2025ರಲ್ಲಿ 106ಕ್ಕೆ ಇಳಿಯಿತು. ಎರಡನೆಯ ಸುತ್ತಿನಲ್ಲಿ ಖಾತರಿಯಿಲ್ಲದ ಒಪ್ಪಂದಕ್ಕೆ ಕೈಯೊಡ್ಡುವ ಬದಲು ಕಾಲೇಜಿನಲ್ಲೇ ಇನ್ನೊಂದು ವರ್ಷ ಆಡಿದರೆ ಹೆಚ್ಚು ಹಣ. ದಶಕಗಳ ಕಾಲ ಮಾಡಿದ ಉಪದೇಶಕ್ಕೆ ಆಗದ ಕೆಲಸ ಹಣದಿಂದ ನಾಲ್ಕೇ ವರ್ಷದಲ್ಲಿ ಆಯಿತು. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಈ ವಿಪರ್ಯಾಸ ಇನ್ನೂ ನಿಚ್ಚಳ: ಐಯೊವ ವಿಶ್ವವಿದ್ಯಾಲಯದಲ್ಲಿದ್ದಾಗಲೇ ದೇಶದ ಮನೆಮಾತಾಗಿ ದೊಡ್ಡ ಕಂಪನಿಗಳ ಜಾಹೀರಾತಿನಲ್ಲಿ ಕಾಣಿಸಿಕೊಂಡ ಕೇಟ್ಲಿನ್ ಕ್ಲಾರ್ಕ್‌ಗೆ 2024ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ತಂಡ ಕೊಟ್ಟ ಮೊದಲ ವರ್ಷದ ಸಂಬಳ 76,535 ಡಾಲರ್. ಸಂಬಳ ಪಡೆದು ಆಡಿದವನಿಗೆ ಕಾಲೇಜಿಲ್ಲ ಎಂಬ ಹಳೆಯ ಗೋಡೆಯೂ ಬಿರುಕು ಬಿಡುತ್ತಿದೆ. ಕೆನಡಾದ ಪ್ರಮುಖ ಜೂನಿಯರ್ ಐಸ್ ಹಾಕಿ ಲೀಗ್‌ಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಹೊರಗಿಡುತ್ತಿದ್ದ ಎನ್‌ಸಿಎಎ 2025ರ ಆಗಸ್ಟ್‌ನಿಂದ ಅವರಿಗೆ ಬಾಗಿಲು ತೆರೆದಿದೆ.

ಹೊಸ ವ್ಯವಸ್ಥೆಗೂ ತನ್ನದೇ ತೊಡಕುಗಳಿವೆ. ಹೆಚ್ಚು ಹಣ ಕೊಡುವಲ್ಲಿಗೆ ವರ್ಷಕ್ಕೊಂದು ಕಾಲೇಜು ಬದಲಿಸುವವನ ಪದವಿಯ ಕ್ರೆಡಿಟ್‌ಗಳು ಎಲ್ಲ ಕಡೆಯೂ ಸಲ್ಲುವುದಿಲ್ಲ. ಹಣದ ಸಿಂಹಪಾಲು ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್‌ಗೆ ಹೋಗುವುದರಿಂದ ಈಜು, ಕುಸ್ತಿ, ಟೆನಿಸ್ ತಂಡಗಳಿಗೆ ಆತಂಕ ಶುರುವಾಗಿದೆ. ಅಮೆರಿಕದ ಒಲಿಂಪಿಕ್ ಪದಕಗಳ ಬೇರು ಇರುವುದು ಈ ಕಾಲೇಜು ತಂಡಗಳಲ್ಲೇ.

ಭಾರತದಿಂದ ಹೋಗುವವರ ಪಾಡು ಬೇರೆ. ಟೆನಿಸ್‌ನ ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪರ 1995ರಲ್ಲಿ ಕಾಲೇಜು ಡಬಲ್ಸ್ ಪ್ರಶಸ್ತಿ ಗೆದ್ದು, ಎರಡೇ ವರ್ಷದಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಸೋಮದೇವ್ ದೇವವರ್ಮನ್ ವರ್ಜೀನಿಯ ಪರ 2007 ಮತ್ತು 2008ರಲ್ಲಿ ಸಿಂಗಲ್ಸ್ ಚಾಂಪಿಯನ್. ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ಪರ 2018 ಮತ್ತು 2022ರಲ್ಲಿ ಹೈಜಂಪ್ ಗೆದ್ದರು. ಪಂಜಾಬಿನ ಸತ್ನಾಮ್ ಸಿಂಗ್ ಕಾಲೇಜಿಗೆ ಹೋಗದೆ ಫ್ಲಾರಿಡದ ಅಕಾಡೆಮಿಯಿಂದಲೇ 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಆಯ್ಕೆಯಾದ ಮೊದಲ ಭಾರತೀಯ; ಎನ್‌ಬಿಎ ಪಂದ್ಯ ಆಡುವ ಅವಕಾಶ ಮಾತ್ರ ಬರಲಿಲ್ಲ. ಇಂದು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಸ್ಕಾಲರ್‌ಷಿಪ್ ಪಡೆದು ಹೋಗುವ ಆಟಗಾರ್ತಿಗೆ 2021ರ ನಂತರದ ಸಂಪತ್ತು ಕಣ್ಣಿಗೆ ಕಾಣುತ್ತದೆ, ಕೈಗೆ ಸುಲಭವಾಗಿ ಎಟುಕುವುದಿಲ್ಲ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ದುಡಿಮೆಗೆ ಬಿಗಿಯಾದ ಮಿತಿಯಿದೆ. ಅಮೆರಿಕದ ನೆಲದಲ್ಲಿ ಜಾಹೀರಾತಿಗೆ ಕೆಲಸ ಮಾಡಿದರೆ ವೀಸಾಕ್ಕೇ ಕುತ್ತು ಬರಬಹುದು. ರಜೆಯಲ್ಲಿ ತಾಯ್ನಾಡಿಗೆ ಬಂದು ಚಿತ್ರೀಕರಣ ಮುಗಿಸುವ ಉಪಾಯವನ್ನು ಕೆಲವು ವಿದೇಶಿ ವಿದ್ಯಾರ್ಥಿಗಳು ಕಂಡುಕೊಂಡಿದ್ದಾರೆ, ಅದಕ್ಕೂ ವಕೀಲರ ಸಲಹೆ ಬೇಕು. ಹೀಗಾಗಿ ಅವರ ಪಾಲಿಗೆ ಲೆಕ್ಕದ ಕಲಂಗಳು ಬಹುಮಟ್ಟಿಗೆ ಹಿಂದಿನಂತೆಯೇ ಇವೆ: ಒಂದು ಕಡೆ ಶುಲ್ಕ, ಹಾಸ್ಟೆಲ್, ಒಳ್ಳೆಯ ಕೋಚ್, ನಾಲ್ಕು ವರ್ಷಕ್ಕೆ ಒಂದು ಪದವಿ, ಇನ್ನೊಂದು ಕಡೆ ಟೂರ್ನಿಯ ಬಹುಮಾನ ಮತ್ತು ವಿಮಾನದ ಟಿಕೆಟ್ಟಿನ ಖರ್ಚು.